ಕೂರಿಸಿದವರು ನಾವೇ

"ನೀವು ಕೂತ್ಕೊಳ್ಳಿ." ಅರವತ್ತೈದು ದಾಟಿದವರು ನಮ್ಮ ಮನೆಗಳಲ್ಲಿ ದಿನಕ್ಕೆ ಹತ್ತು ಸಲ ಕೇಳಿಸಿಕೊಳ್ಳುವ ಮಾತಿದು. ಅಮ್ಮ ನೀರಿನ ಕೊಡಕ್ಕೆ ಕೈ ಹಾಕಿದರೆ, ಅಪ್ಪ ಅಟ್ಟದ ಮೇಲಿನ ಪೆಟ್ಟಿಗೆ ಇಳಿಸಲು ಹೋದರೆ, ಅಜ್ಜಿ ಹೂ ಕಟ್ಟಲೆಂದು ನೆಲಕ್ಕಿಳಿದರೆ ಯಾರಾದರೊಬ್ಬರು ಓಡಿ ಬಂದು ಇದೇ ಮಾತು ಹೇಳುತ್ತೇವೆ. ಹೇಳುವವರ ಮನಸ್ಸಿನಲ್ಲಿರುವುದು ಪ್ರೀತಿಯೇ. ದುಡಿದು ದಣಿದ ಜೀವ, ಇನ್ನಾದರೂ ಆರಾಮಾಗಿರಲಿ ಎಂಬ ಆಸೆಯೇ. ಆ ಪ್ರೀತಿಯ ಬಗ್ಗೆ ನನಗೆ ಅನುಮಾನವಿಲ್ಲ. ಆದರೆ ಆ ಪ್ರೀತಿ ಏನು ಮಾಡುತ್ತಿದೆ ಎಂಬುದನ್ನು ನನ್ನ ಮನೆಯಲ್ಲೇ ಕಂಡಿದ್ದೇನೆ. ಕಂಡ ಮೇಲೆ ಸುಮ್ಮನಿರಲಾರೆ. ನಮ್ಮ ಹಿರಿಯರ ಕಾಲಿನ ಬಲವನ್ನು ವಯಸ್ಸೊಂದೇ ಕಿತ್ತುಕೊಂಡಿಲ್ಲ, ನಾವೂ ಕಿತ್ತುಕೊಂಡಿದ್ದೇವೆ.

ಈ ಒಂದು ಮಾತಿನ ಹಿಂದೆ ನಾವೆಲ್ಲ ಒಪ್ಪಿಕೊಂಡಿರುವ ಒಂದು ನಂಬಿಕೆ ಇದೆ. ದೇಹ ಹಳೆಯ ಗಾಡಿಯಂತೆ, ಕಡಿಮೆ ಓಡಿಸಿದಷ್ಟೂ ಹೆಚ್ಚು ದಿನ ಬಾಳುತ್ತದೆ. ವಯಸ್ಸಾದ ಮೇಲೆ ಶಕ್ತಿ ಕುಂದುವುದು ಸಹಜ, ಕುಂದಿದ್ದು ಮರಳಿ ಬಾರದು. ತೀರಾ ಬೇಕಿದ್ದರೆ ಬೆಳಿಗ್ಗೆ ಒಂದು ಸುತ್ತು ವಾಕಿಂಗ್ ಸಾಕು. ಭಾರ ಎತ್ತುವುದು ಹುಡುಗರ ಹವ್ಯಾಸ. ಮಂಡಿ ನೋವಿದ್ದರೆ ಮಂಡಿಗೆ ವಿಶ್ರಾಂತಿ ಕೊಡಬೇಕು. ವ್ಯಾಯಾಮ ಕಲಿಸಲು ಮನೆಗೊಬ್ಬ ಟ್ರೇನರ್ ಬರುವುದು ದುಡ್ಡಿದ್ದವರ ಶೋಕಿ. ಇಷ್ಟೂ ನಂಬಿಕೆಯ ಮೇಲೆ ಮೊಹರು ಒತ್ತಲು ಗಾದೆಯೊಂದು ಸಿದ್ಧವಾಗಿದೆ: ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ?

ಬಗ್ಗುತ್ತದೆ. ಮೇಲಿನ ಒಂದೊಂದು ಮಾತೂ ತಪ್ಪು, ಅಥವಾ ಅರ್ಧ ಸತ್ಯ. ಅರ್ಧ ಸತ್ಯ ಸುಳ್ಳಿಗಿಂತ ಹೆಚ್ಚು ಕೆಡುಕು ಮಾಡಿದೆ.

ಅಮ್ಮನಿಗೆ ಎಪ್ಪತ್ತೊಂದಾದಾಗ ಮಲೆನಾಡಿನ ಮನೆಯಿಂದ ಬೆಂಗಳೂರಿಗೆ ಕರೆತಂದೆವು. ಊರಿನ ಮನೆಯಲ್ಲಿ ಬಾವಿಯಿಂದ ನೀರು ಸೇದಬೇಕಿತ್ತು, ಬಚ್ಚಲಿಗೆ ನಾಲ್ಕು ಮೆಟ್ಟಿಲು ಇಳಿಯಬೇಕಿತ್ತು, ಒರಳಿನ ಮುಂದೆ ಕೂತು ರುಬ್ಬಬೇಕಿತ್ತು, ಕಟ್ಟಿಗೆ ತರಬೇಕಿತ್ತು. ಇಲ್ಲಿ ಮೂರನೇ ಮಹಡಿಗೆ ಲಿಫ್ಟ್, ಊಟಕ್ಕೆ ಮೇಜು, ರುಬ್ಬಲು ಗ್ರೈಂಡರ್, ಗುಡಿಸಿ ಒರೆಸಲು ಕೆಲಸದವರು. ಅವರು ಯಾವುದಕ್ಕೆ ಕೈ ಹಾಕಿದರೂ "ಕೂತ್ಕೊಳ್ಳಿ ಅಮ್ಮ" ಎಂದೆವು. ಎರಡೂವರೆ ವರ್ಷ ಕಳೆದಿತ್ತು. ಒಂದು ಬೆಳಿಗ್ಗೆ ದೇವರ ಮುಂದೆ ದೀಪ ಹಚ್ಚಿ ನೆಲಕ್ಕೆ ಕೂತವರು ಏಳಲಾಗದೆ ಅಲ್ಲೇ ಉಳಿದರು. ನಾನು ಹಾಲು ತರಲು ಹೋಗಿ, ದಾರಿಯಲ್ಲಿ ಯಾರದೋ ಜೊತೆ ಮಾತಿಗೆ ನಿಂತು ಬರುವಷ್ಟರಲ್ಲಿ ಮುಕ್ಕಾಲು ಗಂಟೆಯಾಗಿತ್ತು. ದೀಪದ ಎಣ್ಣೆ ತೀರಿತ್ತು. ಅಮ್ಮ ಬಿದ್ದಿರಲಿಲ್ಲ, ನೋವೂ ಇರಲಿಲ್ಲ. ಎದ್ದು ನಿಲ್ಲುವಷ್ಟು ಬಲ ತೊಡೆಯಲ್ಲಿರಲಿಲ್ಲ, ಅಷ್ಟೇ. ಪಕ್ಕದ ಮನೆಯವರನ್ನು ಏಕೆ ಕೂಗಲಿಲ್ಲ ಎಂದು ಕೇಳಿದೆ. "ಏನಂತ ಕೂಗ್ಲಿ? ಕೂತಿದೀನಿ, ಎಬ್ಬಿಸಿ ಬನ್ನಿ ಅಂತಲಾ?" ಎಂದರು.

ವೈದ್ಯರ ಬಳಿ ಹೋದೆವು. ಎಕ್ಸ್‌ರೇ ನೋಡಿದ ಅವರು ಮಂಡಿ ಸವೆದಿದೆ ಎಂದರು. ನೆಲದ ಮೇಲೆ ಕೂರಬೇಡಿ, ಮೆಟ್ಟಿಲು ಹತ್ತಬೇಡಿ, ಭಾರ ಎತ್ತಬೇಡಿ ಎಂದರು. ಮೂರು 'ಬೇಡಿ'ಗಳನ್ನು ಚಾಚೂ ತಪ್ಪದೆ ಪಾಲಿಸಿದೆವು. ಸ್ನಾನಕ್ಕೆ ಪ್ಲಾಸ್ಟಿಕ್ ಕುರ್ಚಿ ಬಂತು. ಕಮೋಡಿನ ಮೇಲೆ ಎತ್ತರದ ಸೀಟು ಬಂತು. ಪೂಜೆಗೆ ಸ್ಟೂಲು ಬಂತು. ಆರು ತಿಂಗಳಲ್ಲಿ ಅಮ್ಮ ಕುರ್ಚಿಯಿಂದ ಏಳಲೂ ನಮ್ಮ ಕೈ ಹಿಡಿಯುವಂತಾದರು. ಮಾಡಲಾಗದ್ದನ್ನು ಬಿಡಿಸಿದಂತೆಲ್ಲ ಮಾಡಲಾಗದ್ದರ ಪಟ್ಟಿ ಬೆಳೆಯುತ್ತಾ ಹೋಯಿತು.

ಇದಕ್ಕೆ ವಿವರಣೆ ಇದೆ, ಅದು ಹೊಸದೂ ಅಲ್ಲ. 1966ರಲ್ಲಿ ಅಮೆರಿಕದ ಡಲ್ಲಾಸ್‌ನಲ್ಲಿ ಇಪ್ಪತ್ತರ ಹರೆಯದ ಐವರು ಆರೋಗ್ಯವಂತ ಯುವಕರನ್ನು ಮೂರು ವಾರ ಹಾಸಿಗೆ ಬಿಟ್ಟು ಏಳದಂತೆ ಮಲಗಿಸಿ ಪರೀಕ್ಷಿಸಿದರು. ಮೂವತ್ತು ವರ್ಷಗಳ ಬಳಿಕ, 1996ರಲ್ಲಿ, ಅದೇ ಐವರನ್ನು ಮತ್ತೆ ಕರೆಸಿ ಅಳೆದರು. ಮೂವತ್ತು ವರ್ಷಗಳ ಮುಪ್ಪು ಅವರ ದೇಹದ ದುಡಿಯುವ ಸಾಮರ್ಥ್ಯವನ್ನು ಕುಗ್ಗಿಸಿದ್ದಕ್ಕಿಂತ ಹೆಚ್ಚು ಆ ಮೂರು ವಾರಗಳ ಹಾಸಿಗೆ ಕುಗ್ಗಿಸಿತ್ತು. ಐವತ್ತು ದಾಟಿದ ಆ ಗಂಡಸರಿಗೆ ಆರು ತಿಂಗಳು ತರಬೇತಿ ಕೊಟ್ಟಾಗ, ಮೂವತ್ತು ವರ್ಷಗಳಲ್ಲಿ ಕಳೆದುಕೊಂಡ ಸಾಮರ್ಥ್ಯ ಮರಳಿತು. ವಯಸ್ಸಿನ ತಲೆಗೆ ಕಟ್ಟುವ ದೋಷದಲ್ಲಿ ಎಷ್ಟು ಪಾಲು ವಯಸ್ಸಿನದು, ಎಷ್ಟು ಪಾಲು ಕೂತದ್ದರದು ಎಂಬ ಪ್ರಶ್ನೆ ಅಂದೇ ಎದ್ದಿದೆ. ನಮ್ಮ ಮನೆಗಳಿಗೆ ಅದಿನ್ನೂ ತಲುಪಿಲ್ಲ.

ವಯಸ್ಸಿನ ಪಾಲು ಇಲ್ಲವೆಂದಲ್ಲ. ಮೂವತ್ತು ದಾಟಿದ ಮೇಲೆ ದಶಕಕ್ಕೆ 3ರಿಂದ 8 ಪ್ರತಿಶತದಷ್ಟು ಸ್ನಾಯು ಕರಗುತ್ತದೆ, ಅರವತ್ತರ ನಂತರ ಆ ವೇಗ ಹೆಚ್ಚುತ್ತದೆ. 1989ರಲ್ಲಿ ಇರ್ವಿನ್ ರೋಸನ್‌ಬರ್ಗ್ ಎಂಬ ವಿಜ್ಞಾನಿ ಇದಕ್ಕೆ 'ಸಾರ್ಕೊಪೀನಿಯಾ' ಎಂದು ಹೆಸರಿಟ್ಟರು. ಗ್ರೀಕ್ ಮೂಲದ ಆ ಪದವನ್ನು ಕನ್ನಡಕ್ಕೆ ತಂದರೆ 'ಮಾಂಸದ ಬಡತನ'. ಬಡತನ ಎಂಬುದು ಸರಿಯಾದ ಮಾತು. ಕೂತು ಉಂಡರೆ ಕುಡಿಕೆ ಹೊನ್ನೂ ಸಾಲದು ಎಂದು ನಮ್ಮವರು ಹಣದ ಬಗ್ಗೆ ಹೇಳಿದ್ದು ಸ್ನಾಯುವಿಗೂ ಅಕ್ಷರಶಃ ನಿಜ. ಹರೆಯದಲ್ಲಿ ಕೂಡಿಟ್ಟದ್ದು ಎಷ್ಟೇ ಇರಲಿ, ಕೂತರೆ ಕರಗುತ್ತದೆ. ಆದರೆ ಬಡತನಕ್ಕೆ ದುಡಿಮೆಯೆಂಬ ಪರಿಹಾರವಿದೆ. ನಮ್ಮ ನಂಬಿಕೆ ಮರೆಮಾಚುವುದು ಇದನ್ನೇ.

ಕುಂದಿದ ಶಕ್ತಿ ಮರಳಿ ಬಾರದು ಎನ್ನುವವರಿಗೆ 1990ರ ಬಾಸ್ಟನ್ನಿನ ಪ್ರಯೋಗವೊಂದನ್ನು ಹೇಳಬೇಕು. ಮರಿಯಾ ಫಿಯಾಟರೋನೆ ಎಂಬ ವೈದ್ಯೆ ವೃದ್ಧರ ಆರೈಕೆ ಕೇಂದ್ರವೊಂದರ ಹತ್ತು ಮಂದಿಗೆ ಭಾರ ಎತ್ತುವ ತರಬೇತಿ ಕೊಟ್ಟರು. ಅವರ ವಯಸ್ಸು 86ರಿಂದ 96. ಹಲವು ಕಾಯಿಲೆಗಳಿದ್ದವರು, ಕೋಲು ಹಿಡಿದವರು. ಅವರಿಗೆ ಕೊಟ್ಟದ್ದು ಹಗುರ ಭಾರವಲ್ಲ, ಅವರ ಕಾಲು ಒಂದು ಸಲಕ್ಕೆ ಎತ್ತಬಲ್ಲ ಗರಿಷ್ಠ ಭಾರದ 80 ಪ್ರತಿಶತದವರೆಗೆ. ಎಂಟು ವಾರಗಳಲ್ಲಿ ತರಬೇತಿ ಮುಗಿಸಿದವರ ಕಾಲಿನ ಶಕ್ತಿ ಸರಾಸರಿ 174 ಪ್ರತಿಶತ ಹೆಚ್ಚಿತು, ತೊಡೆಯ ಸ್ನಾಯು 9 ಪ್ರತಿಶತ ದಪ್ಪವಾಯಿತು, ಇಬ್ಬರು ಕೋಲು ಬಿಟ್ಟು ನಡೆದರು. ತೊಂಬತ್ತರ ಮರ ಬಗ್ಗಿತು, ಚಿಗುರಿತು ಕೂಡ. ತರಬೇತಿ ನಿಲ್ಲಿಸಿದ ನಾಲ್ಕೇ ವಾರಗಳಲ್ಲಿ ಶಕ್ತಿ 32 ಪ್ರತಿಶತ ಇಳಿದದ್ದನ್ನೂ ಅದೇ ಪ್ರಯೋಗ ದಾಖಲಿಸಿದೆ. ಆದ್ದರಿಂದ ಇದು ಒಂದು ಕೋರ್ಸ್ ಮುಗಿಸಿ ಮರೆಯುವ ಮದ್ದಲ್ಲ, ನಿತ್ಯದ ಊಟದಂತೆ.

ಊಟದ ಮಾತು ಬಂತು. ಅಪ್ಪ ಸೊರಗಿದ್ದಾರೆ ಎಂದು ಕಂಡೊಡನೆ ಮಕ್ಕಳು ಮಾಡುವ ಮೊದಲ ಕೆಲಸ ಔಷಧಿ ಅಂಗಡಿಯಿಂದ ಪ್ರೋಟೀನ್ ಪುಡಿಯ ಡಬ್ಬ ತರುವುದು. ಫಿಯಾಟರೋನೆಯವರೇ 1994ರಲ್ಲಿ ನೂರು ಮಂದಿಯ ಮೇಲೆ ಇನ್ನೊಂದು ಪ್ರಯೋಗ ನಡೆಸಿದರು, ಸರಾಸರಿ ವಯಸ್ಸು 87. ಕೆಲವರಿಗೆ ಪೌಷ್ಟಿಕ ಪಾನೀಯ ಮಾತ್ರ, ಕೆಲವರಿಗೆ ಭಾರದ ತರಬೇತಿ, ಕೆಲವರಿಗೆ ಎರಡೂ, ಕೆಲವರಿಗೆ ಎರಡೂ ಇಲ್ಲ. ಹತ್ತು ವಾರಗಳಲ್ಲಿ ತರಬೇತಿ ಪಡೆದವರ ಶಕ್ತಿ ಇಮ್ಮಡಿಗೂ ಮೀರಿ ಬೆಳೆಯಿತು. ಬರೀ ಪಾನೀಯ ಕುಡಿದವರ ಸ್ನಾಯು ದೌರ್ಬಲ್ಯ ಕಡಿಮೆಯಾಗಲಿಲ್ಲ. ವಯಸ್ಸಾದವರಿಗೆ ಪ್ರೋಟೀನ್ ಹೆಚ್ಚು ಬೇಕು ಎಂಬುದು ನಿಜ, ರಾತ್ರಿ ಒಂದು ಹಿಡಿ ಅವಲಕ್ಕಿಯಲ್ಲಿ ಅದು ಸಿಗದು ಎಂಬುದೂ ನಿಜ. ಬೇಳೆ, ಕಾಳು, ಮೊಸರು, ಮೊಟ್ಟೆ, ಮೀನು ತಟ್ಟೆಗೆ ಬರಬೇಕು. ಆದರೆ ಇಟ್ಟಿಗೆ ತಂದು ಅಂಗಳದಲ್ಲಿ ಸುರಿದರೆ ಗೋಡೆ ಏಳುವುದಿಲ್ಲ. ಗೋಡೆ ಕಟ್ಟು ಎಂದು ಸ್ನಾಯುವಿಗೆ ಹೇಳುವುದು ಅದು ಹೊರುವ ಭಾರವೇ.

ಇನ್ನು ವಾಕಿಂಗ್. ಬೆಳಿಗ್ಗೆ ಆರಕ್ಕೆ ನಮ್ಮ ಯಾವ ಉದ್ಯಾನಕ್ಕೆ ಹೋದರೂ ಕ್ಯಾನ್ವಾಸ್ ಶೂ, ಮಫ್ಲರ್ ತೊಟ್ಟ ಹಿರಿಯರು ಸುತ್ತು ಹಾಕುತ್ತಿರುತ್ತಾರೆ. ಅದನ್ನು ಹಳಿಯುವ ಮನಸ್ಸು ನನಗಿಲ್ಲ. ನಡಿಗೆ ಹೃದಯಕ್ಕೆ ಒಳ್ಳೆಯದು, ಉಸಿರಿಗೆ ಒಳ್ಳೆಯದು, ನಾಲ್ಕು ಜನ ಸಿಗುವುದು ಮನಸ್ಸಿಗೆ ಇನ್ನೂ ಒಳ್ಳೆಯದು. 'ಸಾಕು' ಎಂಬ ಪದಕ್ಕಷ್ಟೇ ನನ್ನ ತಕರಾರು. ನಮ್ಮ ಸ್ನಾಯುವಿನಲ್ಲಿ ಎರಡು ಬಗೆಯ ಎಳೆಗಳಿವೆ. ನಿಧಾನವಾಗಿ, ದಣಿಯದೆ ದುಡಿಯುವವು ಒಂದು ಬಗೆ, ಕ್ಷಣದಲ್ಲಿ ಜೋರಾಗಿ ಸೆಳೆಯುವವು ಇನ್ನೊಂದು. ಸಮತಟ್ಟಾದ ಹಾದಿಯ ನಡಿಗೆಗೆ ಮೊದಲ ಬಗೆಯವೇ ಸಾಕು. ವಯಸ್ಸಿನೊಂದಿಗೆ ಹೆಚ್ಚು ಸೊರಗುವವು ಎರಡನೆಯವು. ಒದ್ದೆ ಬಚ್ಚಲಿನಲ್ಲಿ ಕಾಲು ಜಾರಿದಾಗ ಅರೆಕ್ಷಣದಲ್ಲಿ ಇನ್ನೊಂದು ಕಾಲನ್ನು ಮುಂದೆ ಊರಿ ದೇಹವನ್ನು ಹಿಡಿದು ನಿಲ್ಲಿಸಬೇಕಾದವು ಅವೇ. ಹತ್ತು ವರ್ಷ ತಪ್ಪದೆ ವಾಕಿಂಗ್ ಮಾಡಿದವರೂ ಬಚ್ಚಲಲ್ಲಿ ಬೀಳುವುದು ಇದಕ್ಕೇ.

ಬೀಳುವುದು ಸಣ್ಣ ಮಾತಲ್ಲ. ಇಳಿವಯಸ್ಸಿನಲ್ಲಿ ಸೊಂಟದ ಕೀಲು ಮುರಿದವರಲ್ಲಿ ಐವರಲ್ಲಿ ಒಬ್ಬರಾದರೂ ವರ್ಷ ತುಂಬುವುದರೊಳಗೆ ತೀರಿಕೊಳ್ಳುತ್ತಾರೆ. ಉಳಿದವರಲ್ಲಿ ಅನೇಕರು ಮೊದಲಿನಂತೆ ನಡೆಯುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2020ರ ಮಾರ್ಗಸೂಚಿಯಲ್ಲಿ 65 ದಾಟಿದವರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಶ್ರಮವನ್ನು ಹೇಳಿ ಅಲ್ಲಿಗೇ ಬಿಟ್ಟಿಲ್ಲ. ವಾರಕ್ಕೆ ಎರಡು ದಿನವಾದರೂ ಸ್ನಾಯು ಬಲಪಡಿಸುವ ವ್ಯಾಯಾಮ, ಮೂರು ದಿನವಾದರೂ ಸಮತೋಲನ ಮತ್ತು ಬಲ ಎರಡನ್ನೂ ಬೆಳೆಸುವ ಚಟುವಟಿಕೆ ಬೇಕು ಎಂದಿದೆ. ನಾವು ಮೊದಲ ಸಾಲು ಓದಿ ಪುಟ ಮಗುಚಿದೆವು.

ಮನೆಗೆಲಸವೇ ವ್ಯಾಯಾಮವಲ್ಲವೇ ಎನ್ನುವ ವಾದವೂ ಇದೆ, ಹೆಂಗಸರ ವಿಷಯದಲ್ಲಂತೂ ಇದೇ ಕೊನೆಯ ಮಾತು. ಬಾವಿ, ಒರಳು, ಕಟ್ಟಿಗೆ ಇದ್ದ ಕಾಲಕ್ಕೆ ಅದರಲ್ಲಿ ಹುರುಳಿತ್ತು. ಈಗಿನ ಅಡುಗೆಮನೆಯಲ್ಲಿ ಗಂಟೆಗಟ್ಟಲೆ ನಿಂತು ಪಲ್ಯ ಹೆಚ್ಚುವುದರಲ್ಲಿ ದಣಿವಿದೆ, ಬಲ ಬೆಳೆಸುವ ಭಾರವಿಲ್ಲ. ಸ್ನಾಯು ಬೆಳೆಯುವುದು ನಿನ್ನೆಗಿಂತ ಇಂದು ತುಸು ಹೆಚ್ಚು ಹೊತ್ತಾಗ. ಹೊಲದಲ್ಲಿ ದುಡಿದವರ ಕಥೆಯೂ ಅಷ್ಟೇ. ವರ್ಷಗಟ್ಟಲೆ ಬಗ್ಗಿ ನಾಟಿ ಮಾಡಿದ ಬೆನ್ನು ಒಂದೇ ಕಡೆಗೆ ದುಡಿದು ಸವೆದಿರುತ್ತದೆ. ಅದಕ್ಕೆ ಬೇಕಿರುವುದು ಸಮನಾದ, ಲೆಕ್ಕವಿಟ್ಟ ಶ್ರಮ. ಜೀವನವಿಡೀ ದುಡಿದದ್ದು ಇನ್ನು ಕೂರಲು ಸಿಕ್ಕ ರಹದಾರಿ ಎಂದು ಬಗೆದವರೇ ಬೇಗ ಮೂಲೆ ಸೇರುತ್ತಾರೆ.

ಈಗ ಮಂಡಿಗೆ ಬರೋಣ. ಎಲ್ಲರ ಕೈಯಲ್ಲಿರುವ ಕೊನೆಯ ಅಸ್ತ್ರ ಅದೇ. ಮಂಡಿ ಸವೆದಿದೆ ಎಂದರೆ ಮಾತು ಮುಗಿಯಿತು ಎಂದುಕೊಳ್ಳುತ್ತೇವೆ. ಆದರೆ ಮಂಡಿಯ ಮೇಲೆ ಬೀಳುವ ಹೊರೆಯಲ್ಲಿ ದೊಡ್ಡ ಪಾಲನ್ನು ತೊಡೆಯ ಮುಂಭಾಗದ ಸ್ನಾಯು ಹೊರಬೇಕು. ಅದು ಸೊರಗಿದಷ್ಟೂ ಮಂಡಿ ಒಂಟಿಯಾಗುತ್ತದೆ, ನೋವು ಹೆಚ್ಚುತ್ತದೆ, ನೋವಿಗೆ ಹೆದರಿ ಇನ್ನಷ್ಟು ಕೂರುತ್ತೇವೆ. ಬ್ರಿಟನ್ನಿನ ಆರೋಗ್ಯ ಮಾರ್ಗಸೂಚಿ ಸಂಸ್ಥೆ ನೈಸ್ 2022ರಲ್ಲಿ ಕೀಲು ಸವೆತವಿರುವ ಎಲ್ಲರಿಗೂ ಅವರಿಗೆ ತಕ್ಕ ವ್ಯಾಯಾಮವನ್ನು ಕೊಡಬೇಕು ಎಂದಿತು. ಆರಂಭದಲ್ಲಿ ನೋವು ತುಸು ಹೆಚ್ಚಬಹುದು, ಬಿಡದೆ ಮಾಡಿದರೆ ಪ್ರಯೋಜನವಿದೆ ಎಂದು ರೋಗಿಗೆ ತಿಳಿಸಿ ಹೇಳಬೇಕು ಎಂದೂ ಹೇಳಿತು. ಡೆನ್ಮಾರ್ಕ್ 2013ರಿಂದ ಮಂಡಿ ಮತ್ತು ಸೊಂಟದ ಸವೆತವಿರುವವರಿಗೆಂದೇ 'ಗ್ಲ್ಯಾಡ್' ಎಂಬ ಕಾರ್ಯಕ್ರಮ ನಡೆಸುತ್ತಿದೆ. ಮೊದಲು ಕಾಯಿಲೆಯ ಬಗ್ಗೆ ತಿಳಿವಳಿಕೆ, ಆಮೇಲೆ ಫಿಸಿಯೋಥೆರಪಿಸ್ಟ್ ಎದುರಿಗಿದ್ದು ಮಾಡಿಸುವ ಹನ್ನೆರಡು ವ್ಯಾಯಾಮ ತರಗತಿ. ಸವೆದ ಮಂಡಿಗೆ ಅವರು ಬರೆದುಕೊಟ್ಟ ಚೀಟಿಯಲ್ಲಿ 'ಏಳಿ' ಎಂದಿದೆ, ನಮ್ಮ ಚೀಟಿಯಲ್ಲಿ 'ಕೂರಿ' ಎಂದಿದೆ.

ಮೂಳೆ ಟೊಳ್ಳಾದವರು ಭಾರ ಎತ್ತಲೇಬಾರದು ಎಂಬುದೂ ಹೀಗೇ ಬೆಳೆದ ಭಯ. ಆಸ್ಟ್ರೇಲಿಯಾದಲ್ಲಿ ಮುಟ್ಟು ನಿಂತ, ಮೂಳೆಯ ಸಾಂದ್ರತೆ ಕುಸಿದ 101 ಮಹಿಳೆಯರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ವಾರಕ್ಕೆರಡು ದಿನ ಅರ್ಧರ್ಧ ಗಂಟೆ, ತರಬೇತುದಾರರ ಕಣ್ಣೆದುರು, ನಿಜವಾದ ಭಾರ ಎತ್ತಿಸಿದರು. ಎಂಟು ತಿಂಗಳಲ್ಲಿ ಅವರ ಬೆನ್ನುಮೂಳೆಯ ಸಾಂದ್ರತೆ 2.9 ಪ್ರತಿಶತ ಏರಿತು. ಮನೆಯಲ್ಲಿ ಹಗುರ ವ್ಯಾಯಾಮ ಮಾಡಿದ ಗುಂಪಿನಲ್ಲಿ 1.2 ಪ್ರತಿಶತ ಇಳಿಯಿತು. 2018ರಲ್ಲಿ ಪ್ರಕಟವಾದ ಈ ಅಧ್ಯಯನದಲ್ಲಿ ಭಾರ ಎತ್ತಿದವರಲ್ಲಿ ಆದ ತೊಂದರೆ ಎಂದರೆ ಒಬ್ಬರಿಗೆ ಸಣ್ಣ ಬೆನ್ನು ಹಿಡಿತ. 'ತರಬೇತುದಾರರ ಕಣ್ಣೆದುರು' ಎಂಬ ಮಾತನ್ನು ಯಾರೂ ಬಿಟ್ಟು ಓದಬಾರದು. ನನ್ನ ವಾದದ ಬೇರು ಅಲ್ಲಿದೆ.

ಸಕ್ಕರೆ ಕಾಯಿಲೆಯ ಮನೆಗಳಿಗೆ ಇನ್ನೊಂದು ಮಾತು. ನಮ್ಮಲ್ಲಿ ತೆಳ್ಳಗಿರುವವರಿಗೂ ಶುಗರ್ ಬರುತ್ತದೆ. ಏಕೆಂಬುದನ್ನು ಪುಣೆಯ ವೈದ್ಯ ಸಿ.ಎಸ್. ಯಾಜ್ಞಿಕ್ ಮತ್ತು ಬ್ರಿಟನ್ನಿನ ಜಾನ್ ಯುಡ್‌ಕಿನ್ 2004ರಲ್ಲಿ ತಮ್ಮ ದೇಹಗಳನ್ನೇ ಮುಂದಿಟ್ಟು ತೋರಿಸಿದರು. ಇಬ್ಬರ ಎತ್ತರಕ್ಕೆ ತಕ್ಕ ತೂಕದ ಸೂಚ್ಯಂಕ ಒಂದೇ, 22.3. ದೇಹದ ಕೊಬ್ಬು ಮಾತ್ರ ಯುಡ್‌ಕಿನ್‌ರದು 9.1 ಪ್ರತಿಶತ, ಯಾಜ್ಞಿಕ್‌ರದು 21.2. ಹೊರಗೆ ತೆಳ್ಳಗೆ, ಒಳಗೆ ಕೊಬ್ಬು ಹೆಚ್ಚು, ಸ್ನಾಯು ಕಡಿಮೆ. ಊಟದ ನಂತರ ರಕ್ತಕ್ಕೆ ಬರುವ ಸಕ್ಕರೆಯನ್ನು ತುಂಬಿಡುವ ದೊಡ್ಡ ಕಣಜ ನಮ್ಮ ಸ್ನಾಯುವೇ. ಹರೆಯದಲ್ಲೇ ಕಣಜ ಚಿಕ್ಕದಾಗಿರುವ ಜನ ನಾವು. ಅರವತ್ತರ ನಂತರ ಕೂತು ಅದನ್ನೂ ಕರಗಿಸಿದರೆ ಮಾತ್ರೆ ಎಷ್ಟೆಂದು ತಡೆದೀತು? ಮೈ ತೆಳ್ಳಗಿದೆ ಎಂದು ಸಮಾಧಾನಪಡುವ ಬದಲು ಹಿಡಿತ ಎಷ್ಟು ಗಟ್ಟಿಯಿದೆ ಎಂದು ನೋಡಬೇಕು. ಬೆಂಗಳೂರಿನ ಸೇಂಟ್ ಜಾನ್ಸ್ ಸಂಸ್ಥೆಯೂ ಪಾಲ್ಗೊಂಡ 'ಪ್ಯೂರ್' ಎಂಬ ಅಧ್ಯಯನ 17 ದೇಶಗಳ ಸುಮಾರು 1.4 ಲಕ್ಷ ಜನರ ಕೈ ಹಿಡಿತವನ್ನು ಅಳೆದು ವರ್ಷಗಟ್ಟಲೆ ಗಮನಿಸಿತು. 2015ರಲ್ಲಿ ಬಂದ ಫಲಿತಾಂಶದ ಪ್ರಕಾರ ಸಾವಿನ ಸುಳಿವು ಕೊಡುವುದರಲ್ಲಿ ಬಿ.ಪಿ.ಯ ಮೇಲಿನ ಅಂಕಿಗಿಂತ ಕೈ ಹಿಡಿತವೇ ಬಲವಾದದ್ದು. ಹಾಗಿದ್ದೂ ಮನೆಯಲ್ಲಿ ಬಿ.ಪಿ. ಯಂತ್ರ ಇಟ್ಟುಕೊಂಡಿದ್ದೇವೆ, ಅಪ್ಪನಿಗೆ ಉಪ್ಪಿನಕಾಯಿ ಜಾಡಿಯ ಮುಚ್ಚಳ ತಿರುಗಿಸಲು ಆಗುತ್ತದೆಯೇ ಎಂದು ನೋಡಿಲ್ಲ.

ಇಷ್ಟು ಒಪ್ಪಿದವರೂ ಕೊನೆಗೆ ಒಂದು ಕಡೆ ನಿಲ್ಲುತ್ತಾರೆ: "ಸರಿ, ಯೂಟ್ಯೂಬ್ ನೋಡಿ ಮಾಡಿಸೋಣ. ಅದಕ್ಕೊಬ್ಬ ಟ್ರೇನರ್ ಯಾಕೆ?"

ಯಾಕೆಂದರೆ ಎಪ್ಪತ್ತೈದರ ಇಬ್ಬರು ಒಂದೇ ಅಲ್ಲ. ಒಬ್ಬರಿಗೆ ಭುಜ ಮೇಲೇಳುವುದಿಲ್ಲ, ಇನ್ನೊಬ್ಬರಿಗೆ ಎದ್ದು ನಿಂತೊಡನೆ ತಲೆ ಸುತ್ತುತ್ತದೆ, ಮತ್ತೊಬ್ಬರಿಗೆ ಸ್ಟೆಂಟ್ ಹಾಕಿದೆ. ಎಲ್ಲಿಂದ ಆರಂಭಿಸಬೇಕು, ಯಾವಾಗ ಒಂದು ಕೆ.ಜಿ. ಏರಿಸಬೇಕು, ಯಾವ ನೋವು ಸಹಜ, ಯಾವುದು ಎಚ್ಚರಿಕೆ ಎಂಬುದು ಎದುರಿಗಿರುವ ಕಣ್ಣಿಗೆ ಮಾತ್ರ ತಿಳಿಯುತ್ತದೆ. ಪರದೆಯ ಮೇಲಿನ ಹುಡುಗ ನಮ್ಮ ಅಪ್ಪ ಉಸಿರು ಬಿಗಿಹಿಡಿದದ್ದನ್ನು ನೋಡುವುದಿಲ್ಲ. ಎದೆನೋವು, ಹತೋಟಿಗೆ ಬಾರದ ಬಿ.ಪಿ., ಇತ್ತೀಚಿನ ಮೂಳೆಮುರಿತ ಅಥವಾ ಶಸ್ತ್ರಚಿಕಿತ್ಸೆ ಇದ್ದವರು ಮೊದಲು ವೈದ್ಯರನ್ನು ಕೇಳಲೇಬೇಕು. ಆಮೇಲೂ ಅವರಿಗೆ ಬೇಕಿರುವುದು ಬಲ್ಲವರ ಜೊತೆ. ನ್ಯೂಜಿಲೆಂಡಿನ ಒಟಾಗೋದಲ್ಲಿ 1990ರ ದಶಕದಲ್ಲಿ ಮಾಡಿದ್ದು ಇದನ್ನೇ. ತರಬೇತಾದವರು ಎಂಬತ್ತು ದಾಟಿದ ಮಹಿಳೆಯರ ಮನೆಗೇ ಹೋಗಿ, ಕಾಲಿಗೆ ಕಟ್ಟುವ ಭಾರದ ಪಟ್ಟಿ ಕೊಟ್ಟು, ಅವರವರಿಗೆ ತಕ್ಕ ವ್ಯಾಯಾಮ ಹೇಳಿಕೊಟ್ಟು, ಮತ್ತೆ ಬಂದು ನೋಡಿ ಭಾರ ಏರಿಸಿದರು. ಈ ಕ್ರಮದ ಹಲವು ಅಧ್ಯಯನಗಳನ್ನು ಕೂಡಿಸಿ ನೋಡಿದಾಗ ಬೀಳುವುದು 35 ಪ್ರತಿಶತ ಕಡಿಮೆಯಾಗಿತ್ತು. ಮನೆಗೆ ಬಂದು ಕಲಿಸುವ ಟ್ರೇನರ್ ಶೋಕಿಯಲ್ಲ ಎಂಬುದಕ್ಕೆ ಇನ್ನೇನು ಸಾಕ್ಷಿ ಬೇಕು?

ಇದು ಪರದೇಶದ ರೂಢಿ ಎನ್ನುವವರು ನಮ್ಮ ಊರಿನ ಗರಡಿಮನೆಯನ್ನು ನೆನೆಯಲಿ. ಮಟ್ಟಿಗೆ ಇಳಿದ ಹುಡುಗನಿಗೆ ಇವತ್ತು ಎಷ್ಟು ಬಸ್ಕಿ, ಎಷ್ಟು ದಂಡ, ಗದೆ ಯಾವಾಗ ಹಿಡಿಯಬೇಕು ಎಂದು ನಿಶ್ಚಯಿಸುತ್ತಿದ್ದವನು ಉಸ್ತಾದ. ಒಬ್ಬೊಬ್ಬರ ಮೈ ನೋಡಿ ಸಾಮು ಮಾಡಿಸುವುದು ನಮ್ಮದೇ ಪದ್ಧತಿ. 'ಶಾಂತಲಾ' ಕಾದಂಬರಿ ಬರೆದ ಕೆ.ವಿ. ಅಯ್ಯರ್ ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸಿದವರು. ಬರವಣಿಗೆಯೂ ಭಾರವೂ ಒಂದೇ ಕೈಯಲ್ಲಿ ಇರಬಹುದು ಎಂದು ಕನ್ನಡಿಗರಿಗೆ ಅವರಿಗಿಂತ ಚೆನ್ನಾಗಿ ತೋರಿಸಿದವರಿಲ್ಲ. ಯೋಗವೇ ಸಾಕು ಎನ್ನುವವರು ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರ್ ಏನು ಮಾಡಿದರೆಂದು ನೋಡಲಿ. ವಯಸ್ಸಾದವರೂ ಕಾಯಿಲೆಯವರೂ ಆಸನ ಮಾಡಲಾಗಲಿ ಎಂದು ಅವರು ಕುರ್ಚಿ, ಹಗ್ಗ, ಬೆಲ್ಟು, ಮರದ ಇಟ್ಟಿಗೆಗಳನ್ನು ತಂದರು, ಒಬ್ಬೊಬ್ಬರ ಮುಂದೆ ನಿಂತು ತಿದ್ದಿದರು. ತೊಂಬತ್ತು ದಾಟಿದ ಮೇಲೂ ತಾವೇ ಅಭ್ಯಾಸ ಮಾಡಿದರು. ಚಾಪೆ ಹಾಸಿ, ಸಾಮೂಹಿಕವಾಗಿ ಕೈ ಎತ್ತಿ ಇಳಿಸಿ, ಚಪ್ಪಾಳೆ ತಟ್ಟಿ ನಗುವುದಕ್ಕೂ ಆ ಪರಂಪರೆಗೂ ಅಜಗಜಾಂತರವಿದೆ. ಗಂಭೀರವಾಗಿ ಕಲಿಸಿದ ಯೋಗದಲ್ಲಿ ಬಲವಿದೆ, ಸಮತೋಲನವಿದೆ. ಅದಕ್ಕೂ ಬೇಕಾದವರು ಎದುರಿಗಿರುವ ಗುರುವೇ.

ದುಡ್ಡಿನ ಪ್ರಶ್ನೆಯನ್ನು ನಾನು ಹಗುರ ಮಾಡಲಾರೆ. ಎಲ್ಲರಿಗೂ ಮನೆಗೆ ಟ್ರೇನರ್ ಕರೆಸಲಾಗದು. ಆದರೆ ಎಂಟು ಹಿರಿಯರು ಸೇರಿ ಅಪಾರ್ಟ್‌ಮೆಂಟಿನ ಹಾಲ್‌ನಲ್ಲೋ ಸಮುದಾಯ ಭವನದಲ್ಲೋ ಒಬ್ಬರನ್ನು ಗೊತ್ತು ಮಾಡಿಕೊಂಡರೆ ಖರ್ಚು ಎಂಟು ಪಾಲಾಗುತ್ತದೆ. ಸೊಂಟ ಮುರಿದ ಮೇಲಿನ ಆಪರೇಷನ್ ಮತ್ತು ಹಗಲು ರಾತ್ರಿ ನೋಡಿಕೊಳ್ಳುವವರ ಸಂಬಳದ ಪಕ್ಕಕ್ಕಿಟ್ಟು ಅದನ್ನು ತೂಗಬೇಕು. 2011ರ ಜನಗಣತಿಯಲ್ಲೇ ಅರವತ್ತು ದಾಟಿದವರು ದೇಶದಲ್ಲಿ 10 ಕೋಟಿಗೂ ಮೀರಿದ್ದರು. ಇಷ್ಟು ದೊಡ್ಡ ಸಂಖ್ಯೆಗೆ ಮನೆಯ ಪ್ರೀತಿಯೊಂದೇ ಸಾಲದು. ಉದ್ಯಾನಗಳಲ್ಲಿ ಹಾಕಿರುವ ಓಪನ್ ಜಿಮ್ ಯಂತ್ರಗಳಲ್ಲಿ ಹೆಚ್ಚಿನವುಗಳ ಭಾರವನ್ನು ಏರಿಸಲೂ ಆಗದು ಇಳಿಸಲೂ ಆಗದು, ಹೇಳಿಕೊಡುವವರೂ ಇಲ್ಲ. ಕಬ್ಬಿಣಕ್ಕೆ ಖರ್ಚು ಮಾಡುವ ಹಣದಲ್ಲಿ ಒಂದು ಪಾಲನ್ನು ಕಲಿಸುವ ಮನುಷ್ಯರಿಗೆ ಕೊಡಿ ಎಂದು ನಗರಸಭೆಗಳನ್ನು ಕೇಳುವುದು ನಮ್ಮ ಹಕ್ಕು. ಹಿರಿಯ ನಾಗರಿಕರ ಸಂಘಗಳು ಬಸ್ ರಿಯಾಯಿತಿ, ಬಡ್ಡಿ ದರಕ್ಕೆ ಹೋರಾಡಿದಷ್ಟೇ ಗಟ್ಟಿಯಾಗಿ ಇದಕ್ಕೂ ದನಿ ಎತ್ತಬೇಕು.

ನಮ್ಮ ಮನೆಗೆ ವಾರಕ್ಕೆರಡು ದಿನ ಬಂದವಳು ಫಿಸಿಯೋಥೆರಪಿ ಓದಿದ ಹುಡುಗಿ. ಮೊದಲ ದಿನ ಅಮ್ಮನನ್ನು ಊಟದ ಕುರ್ಚಿಯಲ್ಲಿ ಕೂರಿಸಿ, ಕೈಗಳನ್ನು ಎದೆಗೆ ಕಟ್ಟಿಸಿ, ಮೂವತ್ತು ಸೆಕೆಂಡಿನಲ್ಲಿ ಎಷ್ಟು ಸಲ ಎದ್ದು ಕೂರುತ್ತೀರಿ ನೋಡೋಣ ಎಂದಳು. ಅಮ್ಮನ ವಯಸ್ಸಿನ ಹೆಂಗಸರು ಹತ್ತಾದರೂ ಏಳಬೇಕು, ಅದಕ್ಕಿಂತ ಕಡಿಮೆಯಾದರೆ ಬೀಳುವ ಅಪಾಯ ಹೆಚ್ಚು ಎಂದು ಲೆಕ್ಕ. ಅಮ್ಮ ಒಂದು ಸಲವೂ ಏಳಲಿಲ್ಲ. ಹುಡುಗಿ ಬೇಸರ ತೋರಿಸಲಿಲ್ಲ. ಕುರ್ಚಿಯ ಮೇಲೆ ಎರಡು ದಿಂಬು ಇಟ್ಟಳು. "ಈಗ ಏಳಿ ಅಜ್ಜಿ." ಎದ್ದರು. ಮೂರು ವಾರಕ್ಕೆ ಒಂದು ದಿಂಬು ಹೋಯಿತು, ಆರನೇ ವಾರಕ್ಕೆ ಇನ್ನೊಂದು. ಅಡುಗೆ ಕಟ್ಟೆ ಹಿಡಿದು ಹಿಮ್ಮಡಿ ಎತ್ತಿಸಿದಳು. ಒಂಟಿ ಕಾಲಲ್ಲಿ ನಿಲ್ಲಿಸಿದಳು. ಕೈಚೀಲದಲ್ಲಿ ಎರಡು ಕೆ.ಜಿ. ಅಕ್ಕಿ ತುಂಬಿ ನೆಲದಿಂದ ಎತ್ತಿಸಿದಳು. ಆಮೇಲೆ ಮೂರು, ಆಮೇಲೆ ಐದು. ನಾನು ಅಭ್ಯಾಸಬಲದಿಂದ ಚೀಲಕ್ಕೆ ಕೈ ಚಾಚಿದಾಗ ಹುಡುಗಿ ನನ್ನನ್ನು ತಡೆದಳು. "ಅಣ್ಣ, ನೀವು ಕೂತ್ಕೊಳ್ಳಿ" ಎಂದಳು.

ಏಳನೇ ತಿಂಗಳಲ್ಲಿ ಒಂದು ಸಂಜೆ ಅಮ್ಮ ಸ್ಟೂಲನ್ನು ಪಕ್ಕಕ್ಕೆ ಸರಿಸಿ ದೇವರ ಮುಂದೆ ನೆಲಕ್ಕೆ ಕೂತರು. ನಾನು ಬಾಗಿಲಲ್ಲೇ ನಿಂತೆ, ಹತ್ತಿರ ಹೋಗಲಿಲ್ಲ. ದೀಪ ಹಚ್ಚಿದರು, ಕೈ ಮುಗಿದರು, ಒಂದು ಮಂಡಿ ಊರಿ ಅಂಗೈಯನ್ನು ಅದರ ಮೇಲಿಟ್ಟು ಎದ್ದರು. ಎದ್ದವರು ತಿರುಗಿ ನನ್ನ ಮುಖ ನೋಡಿ, "ಎಣ್ಣೆ ಇನ್ನೂ ಇದೆ" ಎಂದರು.

ನಮ್ಮ ಹಿರಿಯರ ಪ್ರಾರ್ಥನೆಯಲ್ಲಿ ಎರಡು ಬೇಡಿಕೆಗಳಿವೆ: ನರಳದೆ ಸಾಯಬೇಕು, ಯಾರ ಮುಂದೆಯೂ ದೈನ್ಯಪಡದೆ ಬದುಕಬೇಕು. ಮೊದಲನೆಯದು ನಮ್ಮ ಕೈಯಲ್ಲಿಲ್ಲ. ಎರಡನೆಯದರ ದೊಡ್ಡ ಪಾಲು ಅವರ ತೊಡೆಯಲ್ಲಿದೆ, ಆ ತೊಡೆಗೆ ಕೆಲಸ ಕೊಡುವ ನಮ್ಮ ತಿಳಿವಳಿಕೆಯಲ್ಲಿದೆ. ನಾಳೆ ಬೆಳಿಗ್ಗೆ ಅಮ್ಮ ಕೊಡಕ್ಕೆ ಕೈ ಹಾಕಿದಾಗ ನಾಲಿಗೆಯ ತುದಿಗೆ ಬರುವ ಆ ಮಾತನ್ನು ನುಂಗಿಕೊಳ್ಳೋಣ. ಕೊಡವನ್ನು ಸರಿಯಾಗಿ ಎತ್ತುವುದು ಹೇಗೆಂದು ಕಲಿಸುವವರನ್ನು ಕರೆತರೋಣ.